ಒಂದೇ ವಿಳಾಸ, ಇಬ್ಬರು ಮನುಷ್ಯರು

ನಮ್ಮ ಪೀಣ್ಯದ ಘಟಕದಲ್ಲಿ ಪರೀಕ್ಷಾ ಮೇಜುಗಳ ಅಂಚಿಗೆ ಪಾಸ್‌ವರ್ಡ್ ಬರೆದ ಚೀಟಿಗಳನ್ನು ಅಂಟಿಸಿದ್ದರು. ಕೆಲವು ಚೀಟಿಗಳು ಎಷ್ಟು ಹಳೆಯವೆಂದರೆ ಶಾಯಿ ಮಾಸಿ, ಅದರ ಮೇಲೆ ಇನ್ನೊಬ್ಬರು ಪೆನ್ನಿನಿಂದ ತಿದ್ದಿ ಬರೆದಿದ್ದರು. ಘಟಕ ನೋಡಲು ಬಂದ ಗ್ರಾಹಕರೊಬ್ಬರು ಒಂದು ಚೀಟಿಯ ಫೋಟೊ ತೆಗೆದು, ಏನೂ ಬರೆಯದೆ, ಅದನ್ನು ನಮ್ಮ ಮ್ಯಾನೇಜರಿಗೆ ಕಳಿಸಿದರು. ಅದರ ಮರುದಿನ ಆ ಚೀಟಿಗಳನ್ನು ಇಲ್ಲವಾಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಔಷಧಿ ದಾಸ್ತಾನಿಡುವ ಶೀತಲ ಕೋಣೆಗಳ ತಾಪಮಾನ ಕಾಯುವ ನಿಯಂತ್ರಕ ಪೆಟ್ಟಿಗೆಗಳನ್ನು ನಮ್ಮ ಕಂಪನಿ ತಯಾರಿಸುತ್ತದೆ. ಪೆಟ್ಟಿಗೆಗಳನ್ನು ಜೋಡಿಸಿ ಪರೀಕ್ಷಿಸುವುದು ಪೀಣ್ಯದಲ್ಲಿ, ಅವುಗಳೊಳಗೆ ಓಡುವ ಪ್ರೋಗ್ರಾಂ ಬರೆಯುವ ನಾವು ಕೂರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಪಾಸ್‌ವರ್ಡ್‌ಗಳು, ಕೀಲಿಗಳು, ಪ್ರಮಾಣಪತ್ರಗಳನ್ನು ಭದ್ರವಾಗಿಡುವ ಒಂದು ಸಾಫ್ಟ್‌ವೇರ್ ನಮ್ಮಲ್ಲಿ ಆಗಲೇ ಇತ್ತು. ನಾವು ಅದನ್ನು ತಿಜೋರಿ ಎನ್ನುತ್ತಿದ್ದೆವು. ತೊಂದರೆಯೆಂದರೆ ತಿಜೋರಿಗೆ ಹೋಗಲು ಪ್ರತಿಯೊಬ್ಬರಿಗೂ ಬೇರೆಯದೇ ಹೆಸರು, ಬೇರೆಯದೇ ಪಾಸ್‌ವರ್ಡ್ ಬೇಕಿತ್ತು. ಪೀಣ್ಯದ ತಂತ್ರಜ್ಞರಿಗೆ ಅದನ್ನು ಕೊಟ್ಟೇ ಇರಲಿಲ್ಲ. ಹಾಗಾಗಿ ಚೀಟಿಗಳು.

ಎಲ್ಲರೂ ಬೆಳಿಗ್ಗೆ ಕಂಪ್ಯೂಟರ್ ತೆರೆಯಲು ಬಳಸುವ ಲಾಗಿನ್‌ನಿಂದಲೇ ತಿಜೋರಿಯೂ ತೆರೆಯುವಂತೆ ಮಾಡಬೇಕು ಎಂಬುದು ನನಗೆ ಒಪ್ಪಿಸಿದ ಕೆಲಸ. ಆ ಲಾಗಿನ್ ನೋಡಿಕೊಳ್ಳುವುದು ಹೊರಗಿನ ಒಂದು ಸೇವೆ. ತಿಜೋರಿ ನಮ್ಮನ್ನು ಆ ಸೇವೆಯ ಬಾಗಿಲಿಗೆ ಕಳಿಸುತ್ತದೆ. ಸೇವೆ ನಾವು ಯಾರೆಂದು ಖಾತ್ರಿ ಮಾಡಿಕೊಂಡು, ಸಹಿ ಹಾಕಿದ ಟೋಕನ್ ಒಂದನ್ನು ಕೊಟ್ಟು ವಾಪಸ್ ಕಳಿಸುತ್ತದೆ. ಟೋಕನ್‌ನಲ್ಲಿ ಬರೆದಿರುವುದನ್ನು ನೋಡಿ ತಿಜೋರಿ ಯಾವ ಯಾವ ಕಪಾಟು ತೆರೆಯಬಹುದೆಂದು ತೀರ್ಮಾನಿಸುತ್ತದೆ. ಕೇಳಲು ಸಲೀಸು. ಮೂರು ವಾರ ಹಿಡಿಯಿತು.

ಮೊದಲ ನಾಲ್ಕು ದಿನ ಒಂದು ಓರೆಗೆರೆ, ಅಂದರೆ ಸ್ಲ್ಯಾಶ್, ತಿಂದುಹಾಕಿತು. ಖಾತ್ರಿಯಾದ ಮೇಲೆ ಯಾವ ವಿಳಾಸಕ್ಕೆ ಹಿಂದಿರುಗಬೇಕೆಂದು ಎರಡೂ ಕಡೆ ಬರೆದಿಡಬೇಕು. ಅವು ಅಕ್ಷರ ಅಕ್ಷರವೂ ಒಂದೇ ಇರಬೇಕು. ಸೇವೆಯ ಕಡೆ ನಾನು ಬರೆದ ವಿಳಾಸದ ಕೊನೆಯಲ್ಲಿ ಒಂದು ಓರೆಗೆರೆ ಹೆಚ್ಚಿಗೆ ಇತ್ತು. ಅದು ಹೋದ ಮೇಲೆ ಇನ್ನೊಂದು ತಕರಾರು. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದ ತಿಜೋರಿಯ ಪರೀಕ್ಷಾ ಪ್ರತಿಯಲ್ಲಿ ಲಾಗಿನ್ ಆಗುತ್ತಿತ್ತು, ಪೀಣ್ಯದ ಸರ್ವರ್‌ನಲ್ಲಿ ಆಗುತ್ತಿರಲಿಲ್ಲ. ಎರಡು ದಿನ ಫೈರ್‌ವಾಲ್‌ನವರನ್ನು ಬೈದುಕೊಂಡೆ. ಕೊನೆಗೆ ನೋಡಿದರೆ ಪೀಣ್ಯದ ಸರ್ವರ್‌ನ ಗಡಿಯಾರ ಆರು ನಿಮಿಷ ಹಿಂದಿತ್ತು. ಈಗಷ್ಟೇ ಕೊಟ್ಟ ಟೋಕನ್ ಅದರ ಲೆಕ್ಕದಲ್ಲಿ ಆರು ನಿಮಿಷದ ನಂತರ ಹುಟ್ಟಬೇಕಾದದ್ದು. ಹುಟ್ಟದ ಟೋಕನ್ ಅನ್ನು ಅದು ನಂಬದೇ ಇದ್ದದ್ದು ಸರಿಯಾಗಿಯೇ ಇತ್ತು.

ಇವೆಲ್ಲ ಹೇಳಿಕೊಳ್ಳಬಹುದಾದ ತೊಂದರೆಗಳು. ಹೇಳಿಕೊಳ್ಳಲಾಗದ ಎರಡು ಕೆಲಸಗಳನ್ನು ಮೂರನೇ ವಾರದಲ್ಲಿ ಮಾಡಿದೆ.

ಒಬ್ಬ ಮನುಷ್ಯನನ್ನು ತಿಜೋರಿ ಏನು ನೋಡಿ ಗುರುತಿಸಬೇಕು ಎಂದು ನಾನು ಹೇಳಬೇಕಿತ್ತು. ಟೋಕನ್‌ನಲ್ಲಿ ಎರಡು ಸಂಗತಿ ಬರುತ್ತಿದ್ದವು. ಒಂದು, ಇಮೇಲ್ ವಿಳಾಸ. ಇನ್ನೊಂದು, ಪ್ರತಿ ಖಾತೆಗೂ ಸೇವೆ ಕೊಡುವ ಉದ್ದನೆಯ ಗುರುತು ಸಂಖ್ಯೆ. ಅದು ಎಂದೂ ಬದಲಾಗುವುದಿಲ್ಲ, ಎಂದೂ ಇನ್ನೊಬ್ಬರಿಗೆ ಹೋಗುವುದಿಲ್ಲ. ಲಾಗಿನ್ ಸೇವೆ ನೋಡಿಕೊಳ್ಳುವ ಐ.ಟಿ. ವಿಭಾಗದ ಗೆಳತಿ ನನ್ನ ಪರದೆ ನೋಡಿ ತಕ್ಷಣ ಹೇಳಿದ್ದಳು.

"ಇಮೇಲ್ ಹಾಕ್ಬೇಡ ಕಣೇ. ನಂಬರ್ ಹಾಕು."

"ನಂಬರ್ ಹಾಕಿದ್ರೆ ಲಾಗ್‌ನಲ್ಲಿ ಯಾರು ಅಂತ ಗೊತ್ತಾಗಲ್ವಲ್ಲ. ಒಬ್ಬೊಬ್ರನ್ನೂ ಹುಡುಕ್ಕೊಂಡು ಕೂತ್ಕೋಬೇಕು."

"ಯಾರಾದ್ರೂ ಬಿಟ್ಟು ಹೋದ್ರೆ ಆ ವಿಳಾಸ ಖಾಲಿ ಆಗತ್ತೆ. ಅದೇ ಹೆಸರಿನವರು ಬಂದ್ರೆ ಅವರಿಗೆ ಹೋಗತ್ತೆ. ನಾವೇ ಕೊಡ್ತೀವಿ."

"ಆಮೇಲೆ ಬದಲಾಯಿಸ್ತೀನಿ," ಎಂದೆ.

ಎರಡನೆಯದು ನಮ್ಮ ಹಿರಿಯ ಇಂಜಿನಿಯರ್ ಒಬ್ಬರ ಸಲುವಾಗಿ. ಯಾರು ಯಾವ ತಂಡದಲ್ಲಿದ್ದಾರೆ ಎಂಬ ಪಟ್ಟಿಯೂ ಟೋಕನ್‌ನಲ್ಲೇ ಬರುತ್ತದೆ, ಅದನ್ನು ನೋಡಿಯೇ ತಿಜೋರಿ ಅನುಮತಿ ಕೊಡುತ್ತದೆ. ಈ ಹಿರಿಯರು ಕಂಪನಿಯ ಪ್ರತಿ ತಂಡದಲ್ಲೂ ಇದ್ದರು. ಪಟ್ಟಿ ತೀರಾ ಉದ್ದವಾದರೆ ಸೇವೆ ಅದನ್ನು ಟೋಕನ್‌ಗೆ ಹಾಕುವುದೇ ಇಲ್ಲ. ಅವರು ಲಾಗಿನ್ ಆದರೆ ತಿಜೋರಿ ಖಾಲಿ ಕಾಣುತ್ತಿತ್ತು. ಹೊಸ ಪ್ರೋಗ್ರಾಂಗೆ ಕಂಪನಿಯ ಸಹಿ ಹಾಕುವ ಕೀಲಿ ಅವರಿಗೆ ಅದೇ ಮಧ್ಯಾಹ್ನ ಬೇಕಿತ್ತು. ನನ್ನ ಮೇಜಿನ ಹತ್ತಿರ ಬಂದು ನಿಂತರು. ನಾನು ತಂಡಗಳ ದಾರಿ ಬಿಟ್ಟು, ತಿಜೋರಿಯಲ್ಲಿ ಅವರ ಇಮೇಲ್ ಹೆಸರಿನಲ್ಲಿದ್ದ ಗುರುತಿಗೇ ನೇರವಾಗಿ ಸಹಿ ಕೀಲಿಯ, ಜೊತೆಗೆ ಅವರು ಬಳಸುವ ಉಳಿದ ಕಪಾಟುಗಳ ಅನುಮತಿ ಅಂಟಿಸಿದೆ. 'ತಾತ್ಕಾಲಿಕ' ಎಂದು ಟಿಪ್ಪಣಿ ಬರೆದೆ.

ಎರಡು ತಿಂಗಳ ನಂತರ ಅವರು ಕಂಪನಿ ಬಿಟ್ಟರು. ಲಾಗಿನ್ ಸೇವೆಯಲ್ಲಿ ಅವರ ಖಾತೆ ಅಳಿಸಿಹೋಯಿತು. ತಿಜೋರಿಯೊಳಗಿನ ಅವರ ಗುರುತು, ಅದಕ್ಕೆ ಅಂಟಿದ ಅನುಮತಿ ಹಾಗೇ ಉಳಿದವು. ನನಗೆ ನೆನಪೂ ಆಗಲಿಲ್ಲ.

ಪೀಣ್ಯದ ಚೀಟಿಗಳು ಹೋದವು. ಗುತ್ತಿಗೆ ತಂತ್ರಜ್ಞರಿಗೂ ಕಂಪನಿಯ ಇಮೇಲ್ ವಿಳಾಸ ಕೊಟ್ಟರು. ಅವರಲ್ಲಿ ಒಬ್ಬರು ಕೊಪ್ಪಳದ ಕಡೆಯವರು, ಸುಮಾರು ನಲವತ್ತರ ವಯಸ್ಸು, ಐ.ಟಿ.ಐ. ಓದಿ ಹಲವು ಕಾರ್ಖಾನೆಗಳಲ್ಲಿ ದುಡಿದು ಬಂದವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕರ್ನಾಟಕದಲ್ಲಿ ಅದು ಎಷ್ಟು ಸಾಮಾನ್ಯವಾದ ಹೆಸರೆಂದರೆ ನಮ್ಮ ಕಂಪನಿ ಬಿಟ್ಟು ಹೋದ ಹಿರಿಯ ಇಂಜಿನಿಯರ್ ಹೆಸರೂ ಅದೇ ಆಗಿತ್ತು, ಮುಂದಿನ ಇನಿಷಿಯಲ್ ಕೂಡ. ಖಾಲಿಯಾಗಿದ್ದ ವಿಳಾಸ ಅವರಿಗೆ ಹೋಯಿತು.

ಒಂದು ಶನಿವಾರ ಬೆಳಿಗ್ಗೆ ಪೀಣ್ಯದ ಮೇಲ್ವಿಚಾರಕರು ಅವರಿಗೆ ಹೊಸ ಮಾದರಿಯ ಪೆಟ್ಟಿಗೆಯ ಪಾಸ್‌ವರ್ಡ್ ಹುಡುಕಲು ಹೇಳಿದರು. ಅವರು ಮೊದಲ ಬಾರಿಗೆ ತಿಜೋರಿಗೆ ಲಾಗಿನ್ ಆದರು. ಉಳಿದವರಿಗೆ ಒಂದೇ ಕಪಾಟು ಕಾಣಿಸುತ್ತಿದ್ದಲ್ಲಿ ಅವರಿಗೆ ಹಲವು ಕಾಣಿಸಿದವು. ಒಂದೊಂದಾಗಿ ತೆರೆದು ನೋಡಿದರು. ಮೂರನೆಯದರಲ್ಲಿ ಸಹಿ ಕೀಲಿ ಇತ್ತು. ಅದು ತಮಗೆ ಬೇಕಾದದ್ದಲ್ಲವೆಂದು ಮುಚ್ಚಿ, ನಾಲ್ಕನೆಯದಕ್ಕೆ ಹೋದರು.

ಸಹಿ ಕೀಲಿಯನ್ನು ಯಾರಾದರೂ ತೆರೆದರೆ ಭದ್ರತಾ ವಿಭಾಗಕ್ಕೆ ಎಚ್ಚರಿಕೆ ಹೋಗುತ್ತದೆ. ಆ ಕೀಲಿ ಕೈಗೆ ಸಿಕ್ಕವರು ನಮ್ಮ ಹೆಸರಿನಲ್ಲಿ ಏನನ್ನು ಬೇಕಾದರೂ ಪೆಟ್ಟಿಗೆಗೆ ತುಂಬಬಹುದು. ಶೀತಲ ಕೋಣೆ ಬೆಚ್ಚಗಾದರೂ ಪರದೆ ಮೇಲೆ ತಂಪಿದೆ ಎಂದು ತೋರಿಸುವಂತೆ ಮಾಡಬಹುದು. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸಭೆ ಕರೆದರು. ಪೆಟ್ಟಿಗೆಗಳ ಸಾಗಣೆ ನಿಲ್ಲಿಸಲಾಗಿತ್ತು.

"ಬಿಟ್ಟು ಹೋದೋರ ಐಡಿಯಿಂದ ಪೀಣ್ಯದ ಬೆಂಚ್ ಕಂಪ್ಯೂಟರ್‌ನಲ್ಲಿ ಕೀ ಓಪನ್ ಆಗಿದೆ," ಎಂದರು ಭದ್ರತಾ ವಿಭಾಗದ ಮುಖ್ಯಸ್ಥರು. "ಅಲ್ಲಿ ಅದೇ ಹೆಸರಿನ ಒಬ್ಬ ಕಾಂಟ್ರ್ಯಾಕ್ಟ್ ಟೆಕ್ನಿಷಿಯನ್ ಇದ್ದಾನೆ. ಹೆಸರು ಒಂದೇ ಅಂತ ಹೇಗೋ ಹಳೇ ಅಕೌಂಟ್ ಒಳಗೆ ನುಗ್ಗಿದ್ದಾನೆ."

ನಾನು ಸಭೆಯಲ್ಲಿ ಕೂತಿದ್ದಂತೆಯೇ ಲ್ಯಾಪ್‌ಟಾಪ್‌ನಲ್ಲಿ ಆ ದಾಖಲೆ ತೆರೆದೆ. ಎರಡು ನಿಮಿಷ ಬೇಕಾಗಲಿಲ್ಲ. ವಿಳಾಸ ಒಂದೇ. ಹಿಂದಿನ ಗುರುತಿಗೆ ಹೊಸ ಮನುಷ್ಯ ಬಂದು ಸೇರಿದ್ದಾರೆ. ಅದರ ಕೆಳಗೆ ನಾನೇ ಅಂಟಿಸಿದ ಅನುಮತಿ, ನನ್ನದೇ ಟಿಪ್ಪಣಿ: ತಾತ್ಕಾಲಿಕ.

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ನಿಮ್ಮ ಸೆಟಪ್‌ನಲ್ಲಿ ಏನಾದ್ರೂ ಪ್ರಾಬ್ಲಂ ಇರಬಹುದಾ?"

"ಚೆಕ್ ಮಾಡ್ತೀನಿ ಸಾರ್," ಎಂದೆ.

ಅದು ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಚೆಕ್ ಮಾಡುವುದು ಮುಗಿದಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಸಭೆ ಮುಗಿದು ನನ್ನ ಕುರ್ಚಿಗೆ ಬಂದವಳೇ ಮಾಡಿದ ಮೊದಲ ಕೆಲಸ ಆ ಅನುಮತಿಯನ್ನು ಕಿತ್ತುಹಾಕಿದ್ದು. ಬಾಗಿಲು ತೆರೆದಿದೆ ಎಂದು ಗೊತ್ತಾದ ಮೇಲೆ ಮುಚ್ಚಲೇಬೇಕು, ಅದು ನಿಯಮ. ಆದರೆ ಯಾರಿಗೂ ಹೇಳದೆ ಮುಚ್ಚಿದೆ. ಆಮೇಲೆ, ಇಮೇಲ್ ಬಿಟ್ಟು ಗುರುತು ಸಂಖ್ಯೆಯನ್ನೇ ಬಳಸುವಂತೆ ಬದಲಾವಣೆ ಬರೆಯಲು ಕೂತೆ. ಅದು ಜಾರಿಯಾದರೆ ಎಲ್ಲರಿಗೂ ಹೊಸ ಗುರುತು ಹುಟ್ಟುತ್ತದೆ, ಹಳೆಯ ಗುರುತುಗಳನ್ನು ಒರೆಸಿ ಸ್ವಚ್ಛ ಮಾಡುವುದು ವಾಡಿಕೆ. ಒರೆಸಿದರೆ ಶನಿವಾರ ಏನು ನಡೆಯಿತೆಂದು ತೋರಿಸುವ ಕೊಂಡಿಯೂ ಹೋಗುತ್ತದೆ. ಸರಿಪಡಿಸುವುದಕ್ಕೂ ಮುಚ್ಚಿಹಾಕುವುದಕ್ಕೂ ಒಂದೇ ಬಟನ್ ಆಗಿತ್ತು. ಸಂಜೆಯ ಹೊತ್ತಿಗೆ ಬದಲಾವಣೆ ಸಿದ್ಧವಾಯಿತು. ಒತ್ತಲಿಲ್ಲ. ಒತ್ತದೇ ಇದ್ದದ್ದು ಧೈರ್ಯದಿಂದಲ್ಲ. ಪೂರ್ತಿ ಪರೀಕ್ಷೆ ಆಗಿಲ್ಲ ಎಂಬ ನೆಪ ಸಿಕ್ಕಿತ್ತು.

ಮಂಗಳವಾರ ಇಡೀ ದಿನ ನಾನು ಪರೀಕ್ಷೆ ಮಾಡುತ್ತಲೇ ಇದ್ದೆ. ಮಧ್ಯಾಹ್ನ ಮ್ಯಾನೇಜರ್ ಬಂದು, "ಏನಾದ್ರೂ ಸಿಕ್ತಾ?" ಎಂದರು. "ಇನ್ನೂ ನೋಡ್ತಾ ಇದೀನಿ," ಎಂದೆ. ಆ ಹೊತ್ತಿಗಾಗಲೇ ಗುತ್ತಿಗೆ ಏಜೆನ್ಸಿಗೆ ಫೋನ್ ಹೋಗಿತ್ತು ಎಂದು ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಪೀಣ್ಯದ ಬೆಂಚ್ ಕಂಪ್ಯೂಟರ್ ನೋಡಿಬರುವಂತೆ ನನಗೇ ಹೇಳಿದರು. ಮೆಟ್ರೊದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಹಸಿರು ಮಾರ್ಗ ಹಿಡಿದು ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದೆ. ಘಟಕದ ಗೇಟಿನಲ್ಲಿ ಹೆಸರು ಬರೆದು ಒಳಗೆ ಹೋದರೆ, ಪರೀಕ್ಷಾ ಮೇಜುಗಳ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು.

ಮೇಲ್ವಿಚಾರಕರು ನೆಲಮಂಗಲದ ಕಡೆಯ ಹಳ್ಳಿಯವರು, ಆ ಘಟಕ ಶುರುವಾದಾಗಿನಿಂದ ಇದ್ದವರು. ನನ್ನನ್ನು ಕಂಡು ಎದ್ದು ನಿಂತರು.

"ಇಲ್ಲಿ ಕೂರ್ತಿದ್ದವರು ಎಲ್ಲಿ?" ಎಂದು ಕೇಳಿದೆ.

"ನಿನ್ನೆನೇ ಕಳಿಸ್ಬಿಟ್ರಲ್ಲ ಮೇಡಂ, ನಿಮಗ್ ಗೊತ್ತಿಲ್ವಾ? ಮಧ್ಯಾನ ಊಟದ ಒತ್ತಿಗೆ ಸೆಕ್ಯುರಿಟಿಯೋರು ಬಂದು ಬ್ಯಾಡ್ಜು ಕಿತ್ಕೊಂಡ್ರು. ಗೇಟ್ ತಾವ ನಿಲ್ಸಿ ಬ್ಯಾಗೆಲ್ಲ ಟೇಬಲ್ ಮ್ಯಾಲೆ ಸುರುದ್ರು. ಊಟಕ್ಕೆ ಬಂದಿದ್ ಜನ ಎಲ್ಲ ಅಂಗೇ ನಿಂತ್ಕೊಂಡು ನೋಡ್ತಾವ್ರೆ." ಅವರು ದನಿ ತಗ್ಗಿಸಿದರು. "ಮಗಳ ಸ್ಕೂಲ್ ಶೂ ಇತ್ತು ಬ್ಯಾಗಲ್ಲಿ, ಒಲಿಸ್ಕೊಂಡ್ ಓಗಕ್ಕೆ ತಂದಿದ್ದ. ಅದರೊಳಗೂ ಕೈ ಆಕಿ ನೋಡಿದ್ರು, ಪೆನ್ ಡ್ರೈವ್ ಮಡಗವ್ನೇನೋ ಅಂತ. ಅಂಗೆಲ್ಲ ಮಾಡೋ ಆಸಾಮಿ ಅಲ್ಲ ಮೇಡಂ ಅವ್ನು. ಉಡುಕು ಅಂತ ಏಳಿದ್ದು ನಾನು. ಅದುನ್ನೂ ಏಳ್ದೆ. ಯಾರ್ ಕೇಳ್ತಾರೆ?"

ನಾನು ಆ ಖಾಲಿ ಕುರ್ಚಿಯಲ್ಲಿ ಕೂತೆ, ಕಂಪ್ಯೂಟರ್ ನೋಡಬೇಕಿತ್ತಲ್ಲ. ಪರದೆಯ ಪಕ್ಕದಲ್ಲಿ ಅವರ ಕೈಬರಹದಲ್ಲಿ ಪರೀಕ್ಷೆಯ ಹಂತಗಳ ಪಟ್ಟಿ ಇತ್ತು. ನೀಟಾದ ಅಕ್ಷರ, ಪ್ರತಿ ಹಂತದ ಮುಂದೆ ಟಿಕ್ ಹಾಕಲು ಚೌಕ. ನೋಡುವುದಕ್ಕೆ ಅಲ್ಲಿ ಬೇರೇನೂ ಇರಲಿಲ್ಲ. ತಪ್ಪು ಆ ಕಂಪ್ಯೂಟರ್‌ನಲ್ಲಿ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಒಬ್ಬ ಮನುಷ್ಯನ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಿದ್ದ ಹೊತ್ತಿನಲ್ಲಿ ನಾನು ಮೂವತ್ತು ಕಿಲೋಮೀಟರ್ ಆಚೆ ಎ.ಸಿ. ಕೋಣೆಯಲ್ಲಿ ಕೂತು, ಇನ್ನೂ ನೋಡ್ತಾ ಇದೀನಿ ಎಂದಿದ್ದೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಐ.ಟಿ. ಗೆಳತಿಗೆ ಫೋನ್ ಮಾಡಿದೆ.

"ಪರೀಕ್ಷಾ ಪ್ರತಿಯಲ್ಲಿ ಒಂದು ಡಮ್ಮಿ ಖಾತೆ ಬೇಕು. ಮಾಡಿ, ಅಳಿಸಿ, ಅದೇ ವಿಳಾಸಕ್ಕೆ ಇನ್ನೊಂದು ಮಾಡ್ಬೇಕು. ನಾನು ಹೇಳ್ದಾಗ."

"ಇಮೇಲೇ ಹಾಗೇ ಇಟ್ಬಿಟ್ಟಿದ್ಯಾ?"

"ಹೂಂ."

"ಎಷ್ಟು ಗಂಟೆಗೆ?" ಎಂದಳು. ಬೇರೇನೂ ಕೇಳಲಿಲ್ಲ.

ಮಧ್ಯಾಹ್ನ ಎರಡಕ್ಕೆ ವಿಡಿಯೊ ಸಭೆ ಕರೆದೆ. ಮೇಲ್ವಿಚಾರಕರ ಚಿಕ್ಕ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವರು ಹೊರಗೆ ಹೋಗಲೇ ಎಂದು ಸನ್ನೆ ಮಾಡಿದರು. ಇಲ್ಲೇ ಇರಿ ಎಂದೆ. ಆ ಕಡೆ ಮ್ಯಾನೇಜರ್, ಭದ್ರತಾ ಮುಖ್ಯಸ್ಥರು, ನನ್ನ ಗೆಳತಿ.

ಬಾಯಲ್ಲಿ ಹೇಳಿದರೆ ನಾನೇ ಮಾತನ್ನು ತಿರುಚುತ್ತೇನೆಂಬ ಭಯವಿತ್ತು. ಹಾಗಾಗಿ ಮಾಡಿ ತೋರಿಸಿದೆ. ಡಮ್ಮಿ ಖಾತೆಯಿಂದ ಲಾಗಿನ್ ಆದೆ. ಅದರ ಗುರುತಿಗೆ ನೇರವಾಗಿ ಒಂದು ಅನುಮತಿ ಅಂಟಿಸಿದೆ, ಹಿರಿಯರಿಗೆ ಮಾಡಿಕೊಟ್ಟ ಹಾಗೆಯೇ. "ಈಗ ಅಳಿಸು," ಎಂದೆ. ಗೆಳತಿ ಲಾಗಿನ್ ಸೇವೆಯಿಂದ ಖಾತೆ ಅಳಿಸಿದಳು. ಅದೇ ವಿಳಾಸಕ್ಕೆ ಹೊಸ ಖಾತೆ ಮಾಡಿದಳು, ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಬೇರೆ ಗುರುತು ಸಂಖ್ಯೆ. ಆ ಹೊಸ ಖಾತೆಯಿಂದ ಲಾಗಿನ್ ಆದೆ. ಹಳೆಯ ಕಪಾಟು ತೆರೆದುಕೊಂಡಿತು.

"ಅವರು ಯಾವ ಅಕೌಂಟಿಗೂ ನುಗ್ಗಿಲ್ಲ ಸಾರ್," ಎಂದೆ. "ತಮ್ಮದೇ ಪಾಸ್‌ವರ್ಡ್ ಹಾಕಿ, ತಮ್ಮದೇ ಬಾಗಿಲಿಂದ ಬಂದಿದಾರೆ. ಅವರನ್ನ ಬೇರೆಯವರು ಅಂತ ತಿಳ್ಕೊಂಡಿದ್ದು ತಿಜೋರಿ. ಹಾಗೆ ತಿಳ್ಕೊಳ್ಳೋ ಥರ ಮಾಡಿದ್ದು ನಾನು."

ಭದ್ರತಾ ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ನಿಮಗೆ ಯಾವಾಗ ಗೊತ್ತಾಯ್ತು?"

ಈಗ ಗೊತ್ತಾಯಿತು ಎನ್ನಬಹುದಿತ್ತು. ಪರೀಕ್ಷೆ ಈಗಷ್ಟೇ ಮುಗಿದಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. ನಾನು ತಿಜೋರಿಯ ದಾಖಲೆ ತೆರೆದು ಸೋಮವಾರದ ಸಾಲಿಗೆ ಇಳಿದೆ. ಅಲ್ಲಿ ನನ್ನ ಹೆಸರಿತ್ತು, ಸಮಯವಿತ್ತು, ಹಳೆಯ ಅನುಮತಿ ಕಿತ್ತುಹಾಕಿದ್ದು ಇತ್ತು. ಅವರೆಲ್ಲ ಶನಿವಾರದ ಸಾಲುಗಳನ್ನು ಮಾತ್ರ ನೋಡಿದ್ದರು.

"ಸೋಮವಾರ ಬೆಳಿಗ್ಗೆ, ನೀವು ಕೇಳಿದಾಗಲೇ," ಎಂದೆ.

ನನ್ನ ಹಿಂದೆ ಮೇಲ್ವಿಚಾರಕರು ಕುರ್ಚಿ ಸರಿಸಿದ ಸದ್ದಾಯಿತು.

ಮುಂದಿನ ಎರಡು ದಿನ ನಡೆದದ್ದು ನನಗೆ ಇನ್ನೂ ಅರಗಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಸಹಿ ಕೀಲಿ ಬದಲಾಯಿತು, ಸಾಗಣೆಗೆ ಸಿದ್ಧವಿದ್ದ ಪೆಟ್ಟಿಗೆಗಳಿಗೆಲ್ಲ ಪೀಣ್ಯದವರು ಮತ್ತೆ ಪ್ರೋಗ್ರಾಂ ತುಂಬಿದರು. ತಿಜೋರಿ ಈಗ ಗುರುತು ಸಂಖ್ಯೆ ನೋಡಿ ಗುರುತಿಸುತ್ತದೆ. ಹಳೆಯ ದಾಖಲೆಯ ಪ್ರತಿ ತೆಗೆದಿಟ್ಟ ನಂತರವೇ ಆ ಬಟನ್ ಒತ್ತಿದೆ. ಒಬ್ಬರ ಗುರುತಿಗೆ ನೇರವಾಗಿ ಅನುಮತಿ ಅಂಟಿಸುವುದನ್ನೇ ನಿಲ್ಲಿಸಿದೆವು. ಕೆಲಸ ಬಿಟ್ಟವರ ಗುರುತು ತಿಜೋರಿಯಿಂದಲೂ ಅದೇ ದಿನ ಹೋಗುತ್ತದೆ. ಇವೆಲ್ಲ ವರದಿಯಲ್ಲಿವೆ.

ನನ್ನ ಹೆಸರು ವರದಿಯಲ್ಲಿಲ್ಲ. ಇಂಥ ವರದಿಗಳಲ್ಲಿ ತಪ್ಪು ಮಾಡಿದವರ ಹೆಸರು ಬರೆಯಬಾರದು ಎಂಬುದು ನಮ್ಮ ಕಂಪನಿಯ ಪದ್ಧತಿ. ತಪ್ಪನ್ನು ವ್ಯವಸ್ಥೆಯಲ್ಲಿ ಹುಡುಕಬೇಕು, ವ್ಯಕ್ತಿಯಲ್ಲಲ್ಲ. ಹೆಸರು ಬರೆದರೆ ಜನ ಹೆದರಿ ಮುಚ್ಚಿಡುತ್ತಾರೆ. ಹೊಸಬರಿಗೆ ತರಬೇತಿ ಕೊಡುವಾಗ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ, ನಂಬಿಯೇ ಹೇಳಿಕೊಟ್ಟಿದ್ದೇನೆ. ಕರಡಿನಲ್ಲಿ ನಾನು, ದೋಷ ಸೋಮವಾರವೇ ತಿಳಿದಿದ್ದರೂ ಬುಧವಾರದವರೆಗೆ ಹೇಳಲಿಲ್ಲ ಎಂದು ಒಂದು ಸಾಲು ಬರೆದಿದ್ದೆ. ಮ್ಯಾನೇಜರ್ ಅದನ್ನು ತೆಗೆದರು.

"ಯಾಕ್ರೀ ನಿಮ್ಮನ್ನ ನೀವೇ ಹೊಡ್ಕೋತೀರಾ? ಹೇಳಿದ್ರಲ್ಲ, ಅಷ್ಟು ಸಾಕು," ಎಂದರು. ಒಳ್ಳೆಯ ಮನುಷ್ಯ. ನನ್ನನ್ನು ಕಾಪಾಡುತ್ತಿದ್ದೇನೆಂದೇ ಅವರು ತಿಳಿದಿದ್ದರು.

ಆ ಪದ್ಧತಿ ಪೀಣ್ಯದ ಗೇಟಿನವರೆಗೆ ಹೋಗಿರಲಿಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ತಪ್ಪು ಮಾಡಿದವಳ ಹೆಸರು ಎಲ್ಲೂ ಇರಲಿಲ್ಲ. ಮಾಡದವರ ಹೆಸರು ಇಡೀ ಘಟಕಕ್ಕೆ ಗೊತ್ತಿತ್ತು.

ಕೆಲಸದಿಂದ ಕಳಿಸಿದ್ದ ಆ ತಂತ್ರಜ್ಞರನ್ನು ವಾಪಸ್ ಕರೆಯಲು ಕಂಪನಿ ಒಪ್ಪಿತು. 'ತಾಂತ್ರಿಕ ಕಾರಣದಿಂದ ಉಂಟಾದ ಗೊಂದಲಕ್ಕೆ ವಿಷಾದಿಸುತ್ತೇವೆ' ಎಂದು ಒಂದು ಪತ್ರ ತಯಾರಾಯಿತು. ಏಜೆನ್ಸಿ ಮೂಲಕ ಕಳಿಸುತ್ತೇವೆ ಎಂದರು. ನಾನೇ ಕೊಡುತ್ತೇನೆ ಎಂದು ತೆಗೆದುಕೊಂಡೆ. ಶನಿವಾರ ಬೆಳಿಗ್ಗೆ, ಮೇಲ್ವಿಚಾರಕರು ಹೇಳಿದ ಗುರುತು ಹಿಡಿದು ದಾಸರಹಳ್ಳಿಯ ಹಿಂದಿನ ಬೀದಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಮೂರಂತಸ್ತಿನ ಕಟ್ಟಡ, ಒಂದೊಂದು ಅಂತಸ್ತಿಗೂ ನಾಲ್ಕು ಬಾಗಿಲು. ಅವರೇ ಬಾಗಿಲು ತೆರೆದರು. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗಿದ್ದರು, ಮಗಳು ಶಾಲೆಗೆ.

ಯಾರೆಂದು ಹೇಳಿದೆ. ಕುರ್ಚಿ ಎಳೆದು ಕೊಟ್ಟರು, ತಾವು ನಿಂತೇ ಇದ್ದರು. ಪತ್ರವನ್ನು ಎರಡು ಸಲ ಓದಿದರು.

"ಗೊಂದಲ ಅಂದ್ರ ಏನ್ರಿ ಮೇಡಂ?"

ಹೇಳಿದೆ. ಓರೆಗೆರೆ, ಗಡಿಯಾರದ ಕತೆಯನ್ನೆಲ್ಲ ಬಿಟ್ಟು ಇಷ್ಟು ಹೇಳಿದೆ: ನಿಮ್ಮ ವಿಳಾಸ ಮೊದಲು ಇನ್ನೊಬ್ಬರದಾಗಿತ್ತು. ವಿಳಾಸ ನೋಡಿ ಆಳು ಗುರುತಿಸು ಎಂದು ಯಂತ್ರಕ್ಕೆ ಹೇಳಿದವಳು ನಾನು. ಬೇಡವೆಂದು ಒಬ್ಬರು ಹೇಳಿದ್ದರು. ಕೇಳಲಿಲ್ಲ. ಅದಕ್ಕೇ ನೀವು ನೋಡಬಾರದ್ದು ನಿಮಗೆ ಕಾಣಿಸಿತು.

"ನಾ ಏನೂ ಬರಕೊಂಡಿಲ್ರಿ. ಹುಡುಕು ಅಂದ್ರು, ಹುಡುಕೀನಿ. ನಂದಲ್ಲ ಅಂತ ಗೊತ್ತಾತು, ಮುಚ್ಚೀನಿ."

"ಗೊತ್ತು."

"ನಿಮಗ ಯಾವಾಗ ಗೊತ್ತಾತ್ರಿ?"

ಅದೇ ಪ್ರಶ್ನೆ. ಭದ್ರತಾ ಮುಖ್ಯಸ್ಥರಿಗೆ ಹೇಳುವಾಗ ಇಷ್ಟು ಕಷ್ಟವಾಗಿರಲಿಲ್ಲ.

"ಸೋಮವಾರ ಬೆಳಿಗ್ಗೆ."

ಅವರು ಮನಸ್ಸಿನಲ್ಲಿ ದಿನಗಳನ್ನು ಜೋಡಿಸಿಕೊಳ್ಳುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. "ನನ್ನ ಚೀಲ ಸುರುವಿದ್ದು ಮಂಗಳವಾರರೀ."

"ಹೌದು."

"ಸೋಮವಾರ ಹೇಳಿದ್ರ ಮಂಗಳವಾರ ಹಂಗ ಆಗತಿರಲಿಲ್ಲ."

"ಆಗ್ತಿರಲಿಲ್ಲ. ನಾನು ಹೆದರಿಬಿಟ್ಟೆ. ತಪ್ಪಾಯ್ತು."

ಅವರು ಕಿಟಕಿ ಕಡೆ ನೋಡುತ್ತ ನಿಂತರು. ಸಿಟ್ಟಾಗಿ ಕೂಗಿದ್ದರೆ ಹಗುರಾಗುತ್ತಿದ್ದೆನೇನೋ. ಕೂಗಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. ಆಮೇಲೆ ಪತ್ರವನ್ನು ಮಡಚಿ ವಾಪಸ್ ನನ್ನ ಕೈಗೆ ಕೊಟ್ಟರು.

"ಚೀಲ ಸುರುವಿದ್ದು ಎಲ್ಲಾರ ಮುಂದ. ಪತ್ರ ಕೊಡೂದು ಒಬ್ಬಾಂವಗ ಏನ್ರಿ? ನಾಳೆ ನಾ ಅಲ್ಲಿ ಬಂದು ಕುಂತ್ರ ಮಂದಿ ಏನಂತಾರ? ಹೆಂಗೋ ಮಾಡಿ ಉಳಕೊಂಡ ಅಂತಾರ. ಎಲ್ಲಾರ ಮುಂದ ಓದ್ರಿ. ಹಂಗಾದ್ರ ಬರ್ತೀನಿ."

ಕಂಪನಿಯನ್ನು ಒಪ್ಪಿಸಲು ಭಾನುವಾರವೆಲ್ಲ ಫೋನಿನಲ್ಲಿ ಕಳೆದೆ. ಕೊನೆಗೆ ಮ್ಯಾನೇಜರ್, ಪತ್ರದಲ್ಲಿರುವುದನ್ನು ಬಿಟ್ಟು ಒಂದು ಅಕ್ಷರವೂ ಹೆಚ್ಚಿಗೆ ಓದಬಾರದೆಂಬ ಷರತ್ತಿನ ಮೇಲೆ ಒಪ್ಪಿದರು.

ಸೋಮವಾರ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ಮೇಲ್ವಿಚಾರಕರು ಎಲ್ಲರನ್ನೂ ಗೇಟಿನ ಒಳಗಿನ ಅಂಗಳದಲ್ಲಿ ಸೇರಿಸಿದರು. ಚೀಲ ಸುರಿದ ಮೇಜು ಅಲ್ಲೇ ಇತ್ತು. ಕಾವಲಿನವರೂ ಇದ್ದರು. ಆ ತಂತ್ರಜ್ಞರು ಹಿಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದರು. ನಾನು ಪತ್ರ ಓದಿದೆ. ಐದೇ ಸಾಲು, ಬೇಗ ಮುಗಿಯಿತು. ತಾಂತ್ರಿಕ ಕಾರಣ, ಗೊಂದಲ, ವಿಷಾದ. ಜನ ಮುಖ ಮುಖ ನೋಡಿಕೊಂಡರು. ಆ ಪದಗಳಿಂದ ಯಾರಿಗೂ ಏನೂ ತಿಳಿದಿರಲಿಲ್ಲ. ಅವು ತಿಳಿಯದಿರಲೆಂದೇ ಬರೆದ ಪದಗಳು.

ನಾನು ಪತ್ರ ಮಡಚಿದೆ. ಹಿಂದಿನ ಸಾಲಿನಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು, ಏನನ್ನೂ ಕೇಳದೆ.

"ಇದು ಕಂಪನಿ ಪತ್ರ," ಎಂದೆ. "ಈಗ ನಾನು ಹೇಳ್ತೀನಿ. ತಪ್ಪು ಮಾಡಿದ್ದು ನಾನು, ಇವರಲ್ಲ. ಇವರದು ಏನೂ ತಪ್ಪಿಲ್ಲ ಅಂತ ನನಗೆ ಹೋದ ಸೋಮವಾರವೇ ಗೊತ್ತಿತ್ತು. ಮಂಗಳವಾರ ನೀವೆಲ್ಲ ಇಲ್ಲಿ ನಿಂತು ನೋಡಿದ್ರಲ್ಲ, ಆಗಲೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ."

ಗೇಟಿನ ಆಚೆ ಲಾರಿಯೊಂದು ಹಿಂದಕ್ಕೆ ಬರುತ್ತಿದ್ದ ಸದ್ದು ಕೇಳುತ್ತಿತ್ತು. ಮುಂದಿನ ಸಾಲಿನ ಹೆಂಗಸೊಬ್ಬರು ಹಿಂದೆ ತಿರುಗಿ ಅವರನ್ನು ನೋಡಿದರು. ಆಮೇಲೆ ಇನ್ನೂ ಕೆಲವರು ತಿರುಗಿದರು. ಅವರು ತಲೆ ಎತ್ತಿಕೊಂಡೇ ನಿಂತಿದ್ದರು.

"ನಡೀರಪ್ಪಾ, ಬೆಲ್ ಆಗೋಯ್ತು," ಎಂದರು ಮೇಲ್ವಿಚಾರಕರು.

ಷರತ್ತು ಮೀರಿದ್ದಕ್ಕೆ ಮ್ಯಾನೇಜರ್ ಆಮೇಲೆ ಒಂದೆರಡು ಮಾತಾಡಿದರು, ಅಷ್ಟೇ. ಅವರಿಂದ ಬಂದದ್ದನ್ನು ಶಿಕ್ಷೆ ಎನ್ನಲು ಆಗುವುದಿಲ್ಲ.

ನಾನು ಹೊರಡಲು ಬ್ಯಾಗು ಎತ್ತಿಕೊಳ್ಳುವಾಗ ಆ ತಂತ್ರಜ್ಞರು ಪರೀಕ್ಷಾ ಮೇಜಿನಿಂದ ಎದ್ದು ಬಾಗಿಲವರೆಗೆ ಬಂದರು. ಕ್ಷಮಿಸಿದೆ ಎನ್ನುತ್ತಾರೆ ಎಂದು ಒಂದು ಗಳಿಗೆ ಆಸೆಪಟ್ಟೆ.

"ಮೇಡಂ, ಲಾಗಿನ್ ಆಗವಲ್ದು ನೋಡ್ರಿ," ಎಂದರು. "ಖಾತೆ ಇನ್ನೂ ಬಂದ್ ಐತಿ."

ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತೆ. ಗೆಳತಿಗೆ ಫೋನ್ ಮಾಡಿ ಖಾತೆ ತೆರೆಸಿದೆ, ಅವರ ಗುರುತು ಸಂಖ್ಯೆ ತಿಜೋರಿಗೆ ಸೇರಿದ್ದನ್ನು ಎರಡು ಸಲ ಖಾತ್ರಿ ಮಾಡಿಕೊಂಡೆ. ಲಾಗಿನ್ ಪುಟ ಬಂತು. ಅವರು ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡು, ಒಂದು ಕ್ಷಣ ನನ್ನ ಕಡೆ ನೋಡಿ ಕಾದರು. ನಾನು ಮುಖವನ್ನು ಆ ಕಡೆ ತಿರುಗಿಸಿದೆ. ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತುತ್ತ ತಮ್ಮ ಪಾಸ್‌ವರ್ಡ್ ಹೊಡೆದರು.